ಖುನಾವ್ ಸಾಕಿದ ಕಚ್ಚುವ ಮರಿ

ಖಿದಿರ್ ಆ ನಾಯಿಮರಿಯನ್ನು ಕೋಟಿನೊಳಗೆ ಇಟ್ಟುಕೊಂಡು ಮನೆಗೆ ತರುವಷ್ಟರಲ್ಲಿ ಅವನ ಅಂಗಿಯ ಎರಡು ಗುಂಡಿಗಳನ್ನು ಅದು ಕಿತ್ತು ನುಂಗಿಯಾಗಿತ್ತು. ಅವನ ಹೆಂಡತಿ ಖುನಾವ್ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು.

"ಅದು ಹೊಸ್ತಿಲು ದಾಟಬಾರದು. ನಾನು ನಮಾಜ್ ಮಾಡೋ ಮನೆ ಇದು," ಎಂದಳು.

"ಅಂಗಳದಲ್ಲೇ ಇರುತ್ತೆ ಮಾರಾಯ್ತಿ. ಇದರ ತಾಯಿ ಸತ್ತುಹೋಯ್ತು. ಮರಿಗಳನ್ನ ಒಬ್ಬೊಬ್ಬರ ಮನೆಗೆ ಹಂಚಿದ್ದಾರೆ. ಚಳಿಗಾಲ ಕಳೆದ ಮೇಲೆ ವಾಪಸು ತಗೊಂಡು ಹೋಗ್ತಾರೆ."

ಖಿದಿರ್ ಇರಾನ್ ಗಡಿಯಂಚಿನ ಪೆಂಜ್ವೀನ್ ಪಟ್ಟಣದ ಹೊರಗಿದ್ದ ನಾಯಿಗಳ ಶಾಲೆಯಲ್ಲಿ ಕಾವಲುಗಾರ. ಇರಾನಿನ ಜೊತೆಗಿನ ಯುದ್ಧದಲ್ಲಿ ಎರಡೂ ಕಡೆಯ ಸೈನಿಕರು ಆ ಬೆಟ್ಟಗಳ ತುಂಬ ನೆಲಬಾಂಬ್ ಹೂತು ಹೋಗಿದ್ದರು. ಅವನ್ನು ವಾಸನೆಯಿಂದ ಪತ್ತೆಹಚ್ಚಲು ಅಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದರು. ಖಿದಿರನ ಎಡಗಾಲು ಮೊಣಕಾಲಿನಿಂದ ಕೆಳಗೆ ಪ್ಲಾಸ್ಟಿಕ್ಕಿನದು. ಹುಡುಗನಾಗಿದ್ದಾಗ ಗಡಿಯಾಚೆಗೆ ಕಳ್ಳದಾರಿಯಲ್ಲಿ ಚಹಾ ಹೊರುತ್ತಿದ್ದ ಕಾಲದಲ್ಲಿ ನೆಲಬಾಂಬಿಗೆ ಹೋದದ್ದು.

ಕಾಲು ಹೋದದ್ದನ್ನು ಇಬ್ಬರೂ ಎಂದೋ ಮರೆತಿದ್ದರು. ಮರೆಯಲಾಗದ್ದು ಬೇರೆ ಇತ್ತು. ಮೂರು ವರ್ಷದ ಹಿಂದಿನ ವಸಂತದಲ್ಲಿ ಒಬ್ಬಳೇ ಮಗಳು ಶ್ನೆ, ಊರ ಮೇಲಿನ ಇಳಿಜಾರಿಗೆ ಕಂಗರ್ ಸೊಪ್ಪು ಕೀಳಲು ಹೋದವಳು ತಿರುಗಿ ಬರಲಿಲ್ಲ. ಹುಲ್ಲು ಒದ್ದೆಯಿದ್ದುದರಿಂದ ಅವತ್ತು ತಾಯಿಯ ರಬ್ಬರ್ ಬೂಟು ಮೆಟ್ಟಿಕೊಂಡು ಹೋಗಿದ್ದಳು. ಅವಳ ನೀಲಿ ಚಪ್ಪಲಿ ಬಾಗಿಲ ಬಳಿಯೇ ಉಳಿಯಿತು. ಖುನಾವ್ ಅದನ್ನು ತೊಳೆದು ಗೋಡೆಯ ಗೂಡಿನಲ್ಲಿಟ್ಟಳು. ಎದ್ದು ಹೋಗಿ ಸೊಪ್ಪು ಕಿತ್ತು ತಾ ಎಂದು ಮಗಳನ್ನು ಕಳಿಸಿದವಳು ಅವಳೇ. ಆ ಮಾತನ್ನು ಖಿದಿರ್ ಒಮ್ಮೆಯೂ ಎತ್ತಿರಲಿಲ್ಲ. ಎತ್ತಿ ಬೈದಿದ್ದರೆ ಅವಳಿಗೆ ಉಸಿರಾಡಲು ಸ್ವಲ್ಪ ಸುಲಭವಾಗುತ್ತಿತ್ತೋ ಏನೋ.

ಮರಿಗೆ ಪಿಷ್ಕೊ ಎಂದು ಹೆಸರಿಟ್ಟರು. ಕೆಂಡ ಎಂದು ಅರ್ಥ. ಅದು ಒಂದು ಗಳಿಗೆ ಸುಮ್ಮನಿರುವ ಜೀವವಲ್ಲ. ಒಣಹಾಕಿದ ಬಟ್ಟೆ ಎಳೆದು ಕೆಸರಲ್ಲಿ ಹೊರಳಾಡಿಸಿತು, ಕೋಳಿಗೂಡಿನ ಹಲಗೆ ಕಡಿಯಿತು, ಖಿದಿರ್ ಬಿಸಿಲಿಗೆ ಬಿಚ್ಚಿಟ್ಟ ಪ್ಲಾಸ್ಟಿಕ್ ಕಾಲಿನ ಹಿಮ್ಮಡಿ ತಿಂದುಹಾಕಿತು. ಮೆತ್ತಗಿನ ತಿನಿಸು ಏನಿಟ್ಟರೂ ಅದಕ್ಕೆ ಬೇಡ, ಕೈ ಬೇಕು. ಹಾಲು ಇಡಲು ಬಗ್ಗಿದರೆ ಮಣಿಕಟ್ಟು ಹಿಡಿಯುತ್ತಿತ್ತು. ಸೂಜಿಯಂಥ ಹಲ್ಲು. ಖುನಾವಳ ಎರಡೂ ಕೈ ಮುಳ್ಳುಬೇಲಿಗೆ ಸಿಕ್ಕಿದಂತಾಗಿದ್ದವು.

ಪಕ್ಕದ ಮನೆಯ ಪಿರೋಜ್ ಬೇಲಿಯಾಚೆಯಿಂದಲೇ ಚುಚ್ಚುತ್ತಿದ್ದಳು. "ಏನು ಖುನಾವ್, ಮರಿಗೆ ತೊಟ್ಟಿಲು ಇನ್ನೂ ಕಟ್ಟಿಲ್ವಾ?"

"ನಿನ್ನ ಗಂಡ ಎದ್ದರೆ ಅವನ ತೊಟ್ಟಿಲನ್ನೇ ಕೇಳೋಣ ಅಂತಿದ್ದೆ," ಎನ್ನುತ್ತಿದ್ದಳು ಖುನಾವ್. ಪಿರೋಜಳ ಗಂಡ ಮಧ್ಯಾಹ್ನದವರೆಗೆ ಮಲಗುವವನು.

ಶಾಲೆಯಿಂದ ಸರ್ಬಸ್ತ್ ಎಂಬ ತರುಣ ಮರಿಯನ್ನು ನೋಡಲು ಬಂದ. ಮುಂದೆ ಅದನ್ನು ಗುಡ್ಡಕ್ಕೆ ಕರೆದೊಯ್ಯಬೇಕಾದವನು ಅವನೇ. ಖುನಾವ್ ತನ್ನ ಕೈ ತೋರಿಸಿದಳು. ಅವನು ಜೇಬಿನಿಂದ ಗಟ್ಟಿ ರಬ್ಬರಿನ ಚೆಂಡು ತೆಗೆದುಕೊಟ್ಟ.

"ಪೂರೆ," ಎಂದ ಅವನು. ಅವರಲ್ಲಿ ಅತ್ತೆಯ ವಯಸ್ಸಿನವರನ್ನು ಹಾಗೆ ಕರೆಯುವುದು. "ಕಚ್ಚೋದನ್ನ ಬಿಡಿಸಬೇಡಿ. ಯಾವುದನ್ನ ಕಚ್ಚಬೇಕು ಅನ್ನೋದನ್ನ ಕಲಿಸಿ ಸಾಕು. ಕೈಗೆ ಬಾಯಿ ಹಾಕಿದರೆ ಕಿರುಚಬೇಡಿ, ಎಳ್ಕೋಬೇಡಿ. ಎಳೆದ್ರೆ ಅದಕ್ಕೆ ಆಟ. ಸುಮ್ನೆ ನಿಂತುಬಿಡಿ. ಬಿಟ್ಟ ಕೂಡಲೇ ಚೆಂಡು ಕೊಡಿ."

"ಕೈ ನಿಂದಲ್ಲವಲ್ಲಪ್ಪ."

ಸರ್ಬಸ್ತ್ ಅಂಗಿಯ ತೋಳು ಮಡಚಿ ತೋರಿಸಿದ. ಮೊಣಕೈವರೆಗೆ ಹಳೆಯ ಗಾಯದ ಕಲೆಗಳು. "ಈ ಚೆಂಡಿನ ಆಸೆಗೆ ತಾನೇ ಅದು ದಿನವಿಡೀ ಮೂಗನ್ನ ನೆಲಕ್ಕೆ ಹಚ್ಚೋದು. ಆಸೆಯಿಲ್ಲದ ನಾಯಿ ನಮಗೆ ಬೇಡ ಪೂರೆ."

ಅಂದಿನಿಂದ ಖುನಾವ್ ಹಾಗೆಯೇ ಮಾಡಿದಳು. ಹಲ್ಲು ಚರ್ಮಕ್ಕೆ ಇಳಿದಾಗ ತುಟಿ ಕಚ್ಚಿ ನಿಲ್ಲುತ್ತಿದ್ದಳು. "ಬಿಡು" ಎನ್ನುತ್ತಿದ್ದಳು, ಜೋರಾಗಿಯಲ್ಲ. ಬಿಟ್ಟರೆ ಚೆಂಡು. ಕುಳಿತರೆ ಇನ್ನೊಮ್ಮೆ ಚೆಂಡು. ಕೆಲವು ವಾರಗಳಲ್ಲಿ ಪಿಷ್ಕೊ ಅವಳ ಕೈ ನೋಡಿದ ಕೂಡಲೇ ನೆಲಕ್ಕೆ ಕುಂಡೆಯೂರಿ ನಡುಗುತ್ತ ಕಾಯುವುದನ್ನು ಕಲಿಯಿತು. ಅದರ ಮೇಲೆ ಪ್ರೀತಿ ಬಂತೆಂದು ಹೇಳಲಾಗದು. ಆದರೆ ದಿನದಲ್ಲಿ ಒಂದಿಷ್ಟು ಹೊತ್ತು ಅವಳಿಗೆ ಬೇರೇನೂ ನೆನಪಾಗುತ್ತಿರಲಿಲ್ಲ.

ಮೊದಲ ದೊಡ್ಡ ಹಿಮ ಬಿದ್ದ ದಿನ ಅಂಗಳದಲ್ಲಿ ಮರಿ ಗಡಗಡ ನಡುಗುತ್ತಿತ್ತು. ಖುನಾವಳೇ ಬಾಗಿಲು ತೆಗೆದು ಒಳಗೆ ಬಿಟ್ಟಳು. ಹಾಸಿಗೆಗಳ ರಾಶಿಯ ಪಕ್ಕ ಅದು ಮಲಗಿತು. ಅವಳು ರೊಟ್ಟಿ ಸುಡಲು ಹಿತ್ತಲಿಗೆ ಹೋದಳು. ಖಿದಿರ್ ಕೆಲಸ ಮುಗಿಸಿ ಬಂದಾಗ ಪಿಷ್ಕೊ ಹಾಸಿಗೆಗಳ ಮೇಲೆ ಹತ್ತಿ, ಗೂಡಿಗೆ ಬಾಯಿ ಹಾಕಿ, ಶ್ನೆಯ ಚಪ್ಪಲಿಯೊಂದನ್ನು ಮುಂಗಾಲುಗಳ ನಡುವೆ ಒತ್ತಿ ಹಿಡಿದು ಜಗಿಯುತ್ತಿತ್ತು. ನೆಲದ ತುಂಬ ನೀಲಿ ಚೂರುಗಳು.

ಅವನು ಊರುಗೋಲಿನಿಂದ ಹೊಡೆದ. ಮರಿ ಮೂಲೆಗೆ ಸೇರಿದ ಮೇಲೂ ಹೊಡೆದ. ಕೂಗು ಕೇಳಿ ಓಡಿಬಂದ ಖುನಾವ್ ಬಾಗಿಲಲ್ಲಿ ನಿಂತು ಚೂರುಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಹೋಗಿ ಊರುಗೋಲಿಗೆ ಕೈ ಹಾಕಿದಳು.

"ನಿನಗೋಸ್ಕರ ಹೊಡೀತಿದೀನಿ, ಬಿಡು," ಎಂದ ಖಿದಿರ್.

"ಬಾಗಿಲು ತೆಗೆದಿದ್ದು ನಾನು. ಅವಳನ್ನ ಗುಡ್ಡಕ್ಕೆ ಕಳಿಸಿದ್ದೂ ನಾನು. ಹೊಡೆಯೋದಿದ್ರೆ ನನ್ನ ಹೊಡೀಬೇಕಿತ್ತು. ಅವತ್ತೇ."

ಅವನ ಕೈ ಸಡಿಲಾಯಿತು. ಖುನಾವ್ ಕುಳಿತು ಚೂರುಗಳನ್ನು ಒಂದೂ ಬಿಡದೆ ಆರಿಸಿ ತಲೆವಸ್ತ್ರದ ತುದಿಯಲ್ಲಿ ಗಂಟು ಕಟ್ಟಿದಳು.

ಆಮೇಲೆ ಪಿಷ್ಕೊ ಕಚ್ಚುವುದನ್ನು ಬಿಟ್ಟಿತು. ಅಂಗಳದ ಮುರುಕು ಗಾಡಿಯ ಕೆಳಗೆ ಸೇರಿಕೊಂಡಿತು. ಚೆಂಡು ಉರುಳಿಸಿದರೆ ಮುಖ ಆಚೆ ತಿರುಗಿಸುತ್ತಿತ್ತು. ಖಿದಿರನ ಹೆಜ್ಜೆಯ ಸದ್ದಿಗೆ ಮಲಗಿದಲ್ಲೇ ಉಚ್ಚೆ ಹೊಯ್ಯುತ್ತಿತ್ತು. ಬಟ್ಟೆಗಳು ಹಗ್ಗದ ಮೇಲೆ ಒಣಗಿದವು, ಕೋಳಿಗಳು ನಿರ್ಭಯವಾಗಿ ಓಡಾಡಿದವು. ಪಿರೋಜ್ ಕೂಡ, "ಅಂತೂ ಬುದ್ಧಿ ಬಂತಲ್ಲ," ಎಂದಳು.

ಸರ್ಬಸ್ತ್ ಬಂದು ಗಾಡಿಯ ಕೆಳಗೆ ಬಗ್ಗಿ ನೋಡಿದ. "ಹೀಗೇ ಉಳಿದ್ರೆ ಕೆಲಸಕ್ಕೆ ಬರಲ್ಲ ಪೂರೆ. ಇನ್ನೊಂದಿಷ್ಟು ದಿನ ನೋಡೋಣ. ಆಮೇಲೆ ಯಾರಿಗಾದ್ರೂ ಕೊಟ್ಟುಬಿಡ್ತೀವಿ."

ಖುನಾವ್ ಮಧ್ಯಾಹ್ನಗಳಲ್ಲಿ ಗಾಡಿಯ ಪಕ್ಕ ಕಂಬಳಿ ಹಾಸಿ, ಮರಿಗೆ ಬೆನ್ನು ಮಾಡಿ ಕುಳಿತು ಉಣ್ಣೆ ನೂಲತೊಡಗಿದಳು. ಅದನ್ನು ಕರೆಯಲಿಲ್ಲ, ಮುಟ್ಟಲಿಲ್ಲ. ಚಪ್ಪಲಿ ತಿಂದ ಪ್ರಾಣಿಯ ಮೇಲೆ ಅವಳ ಸಿಟ್ಟು ಇನ್ನೂ ಆರಿರಲಿಲ್ಲ. ಹಾಗಿದ್ದೂ ಕುಳಿತಳು. ಹಿಮ ಕರಗುವ ಹೊತ್ತಿಗೆ ಒಂದು ದಿನ ನೂಲು ಹಿಂದಿನಿಂದ ಜಗ್ಗಿತು. ಅವಳು ಸಡಿಲ ಬಿಟ್ಟಳು. ಮತ್ತೆ ಜಗ್ಗಿತು. ಇನ್ನೊಂದು ದಿನ ಹಿಂದಕ್ಕೆ ಚಾಚಿದ ಕೈಯನ್ನು ಪಿಷ್ಕೊ ಹಿಡಿಯಿತು. ಈಗ ಹಲ್ಲು ದೊಡ್ಡದಾಗಿತ್ತು, ರಕ್ತ ಬಂತು. ಖುನಾವ್ ಅಲುಗಲಿಲ್ಲ. "ಬಿಡು," ಎಂದಳು. ಬಿಟ್ಟಿತು. ಚೆಂಡು ಕೊಟ್ಟಳು. ಕಿಟಕಿಯಿಂದ ನೋಡುತ್ತಿದ್ದ ಖಿದಿರ್ ಹೊರಗೆ ಬರಲಿಲ್ಲ. ಆ ನಾಯಿಯ ಕಣ್ಣಿಗೆ ಅವನು ಮತ್ತೆಂದೂ ಎದುರಾಗಲಿಲ್ಲ.

ಪಿಷ್ಕೊ ಶಾಲೆಗೆ ಹೋಯಿತು, ಕಲಿಯಿತು. ಎರಡು ವರ್ಷ ಬೇರೆ ಕಣಿವೆಗಳಲ್ಲಿ ದುಡಿಯಿತು. ಸಿಡಿಮದ್ದಿನ ವಾಸನೆ ಸಿಕ್ಕಲ್ಲಿ ಕುಳಿತುಬಿಡುತ್ತದೆ, ಕಲ್ಲಿನ ಹಾಗೆ, ಎಂದು ಸರ್ಬಸ್ತ್ ಬಂದಾಗಲೆಲ್ಲ ಹೇಳುತ್ತಿದ್ದ. ಮೂರನೆಯ ಬೇಸಿಗೆಯಲ್ಲಿ ಅವರ ಊರ ಮೇಲಿನ ಇಳಿಜಾರಿನ ಸರದಿ ಬಂತು. ತೆರವಾದ ಕಡೆ ಬಿಳಿ ಬಣ್ಣದ ಕಲ್ಲು, ಅಪಾಯದ ಕಡೆ ಕೆಂಪು ಕಲ್ಲು ಇಡುತ್ತ ಮೇಲೇರಿದರು. ಖುನಾವ್ ರಸ್ತೆಯಲ್ಲಿ ನಿಂತು ನೋಡುತ್ತಿದ್ದಳು. ಶ್ನೆ ಬಿದ್ದ ಜಾಗದಲ್ಲೊಂದು ಕಾಡು ಪಿಯರ್ ಹಣ್ಣಿನ ಮರ ಇತ್ತು. ಬಿಳಿ ಕಲ್ಲುಗಳು ಅದರತ್ತ ಹೋಗುತ್ತಿದ್ದವು. ಅಲ್ಲಿಗೆ ತಲುಪಿದ ದಿನ ತಾನೂ ಹತ್ತಿಹೋಗಿ ಮರದ ಕೆಳಗೆ ಕೂರಬೇಕೆಂದುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಸದ್ದು ಕೇಳಿದಾಗ ಅವಳು ಮನೆಯಲ್ಲಿದ್ದಳು. ಆ ಸದ್ದು ಅವಳಿಗೆ ಗೊತ್ತಿತ್ತು.

ಸಂಜೆ ಸರ್ಬಸ್ತ್ ಕಿವಿಗೆ ಪಟ್ಟಿ ಕಟ್ಟಿಕೊಂಡು ಬಂದ. ಹೊಸ್ತಿಲ ಮೇಲೇ ಕುಳಿತ. "ಹಿಂದಿನ ದಿನ ಮಳೆ ಬಂದು ಮೇಲಿನ ಮಣ್ಣು ಜಾರಿತ್ತು ಪೂರೆ. ನಾವು ನೋಡಿ ಮುಗಿಸಿದ ಜಾಗಕ್ಕೇ ಒಂದು ಬಾಂಬ್ ಮಣ್ಣಿನ ಜೊತೆ ಬಂದು ಸೇರಿತ್ತು. ಅದೇ ದಾರೀಲಿ ಪಿಷ್ಕೊನ ನಾನೇ ಮುಂದೆ ಕಳಿಸಿದೆ."

ಖುನಾವ್ ಅವನಿಗೆ ಚಹಾ ತಂದಿಟ್ಟಳು. "ನೀನು ಕಳಿಸಿದೆ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಬೇಡ," ಎಂದಳು. "ಯಾರೂ ಹೊಡೆಯಲ್ಲ. ಒಳಗೇ ಕೊಳೆಯುತ್ತೆ."

ಅವನು ಹೋದ ಮೇಲೆ ಖಿದಿರ್ ಗೋಡೆಗೊರಗಿ ಕಾಲು ಬಿಚ್ಚಿಟ್ಟು ಕುಳಿತಿದ್ದ. "ಅವತ್ತಿನ ಹೊಡೆತಕ್ಕೆ ಅದು ಹಾಗೇ ಕೆಟ್ಟುಹೋಗಿದ್ರೆ, ಇವತ್ತು ಯಾರದೋ ಅಂಗಳದಲ್ಲಿ ಬದುಕಿರ್ತಿತ್ತು," ಎಂದ.

"ಹೌದು," ಎಂದಳು ಖುನಾವ್. ಅವನು ಚುಚ್ಚಲು ಹೇಳಿದನೋ, ತನ್ನನ್ನೇ ಬೈದುಕೊಂಡನೋ ಅವಳು ಕೇಳಲಿಲ್ಲ.

ಇಳಿಜಾರಿನ ಕೆಲಸ ನಿಂತಿತು. ಹಣ ಬರುತ್ತಿಲ್ಲ ಎಂದರು, ಮುಂದಿನ ವರ್ಷ ಎಂದರು. ಪಿಯರ್ ಮರ ಕೆಂಪು ಕಲ್ಲುಗಳಾಚೆಯೇ ಉಳಿಯಿತು. ಮುಂದಿನ ಚಳಿಗಾಲದಲ್ಲಿ ಸರ್ಬಸ್ತ್ ಇನ್ನೊಂದು ಮರಿ ತಂದು ಅಂಗಳದಲ್ಲಿ ಬಿಟ್ಟ. ಖುನಾವ್ ಕೈ ಚಾಚಿದಳು. ಅದು ಮೂಸಿ, ನೆಕ್ಕಿ, ಅವಳ ಪಾದದ ಮೇಲೆ ತಲೆಯಿಟ್ಟು ಮಲಗಿತು. ಅವಳು ಅದರ ತುಟಿ ಎತ್ತಿ ಹಲ್ಲು ನೋಡಿದಳು, ಬೆರಳನ್ನು ಬಾಯಿಯೊಳಗೆ ಇಟ್ಟು ನೋಡಿದಳು. ಅದು ಕಚ್ಚಲಿಲ್ಲ.

"ಇದು ನಿಮ್ಮ ಕೆಲಸಕ್ಕಾಗಲ್ಲ," ಎಂದಳು ಸರ್ಬಸ್ತನಿಗೆ. "ಮಕ್ಕಳಿರೋ ಮನೆಗೆ ಕೊಡು."

"ಸ್ವಲ್ಪ ದಿನ ಇಟ್ಕೊಂಡು ನೋಡಿ ಪೂರೆ. ನೀವು ಕಲಿಸ್ತೀರಿ."

"ಕಲಿಸ್ತೀನಿ. ಅದಕ್ಕೇ ಬೇಡ ಅಂತಿರೋದು," ಎಂದು ಮರಿಯನ್ನು ಎತ್ತಿ ಅವನ ಕೈಗೆ ಕೊಟ್ಟು ಒಳಗೆ ಹೋದಳು.