ತೊಡೆಯ ಮೇಲಿನ ತಾಳ

ಲಂಡನ್ನಿನ ಕಿಂಗ್ಸ್‌ಬರಿಯ ಪಬ್ಬುಗಳಲ್ಲಿ ಗಿಟಾರ್ ಹಿಡಿದು ಕಂಟ್ರಿ ಹಾಡು ಹಾಡಿಕೊಂಡಿದ್ದಷ್ಟು ಕಾಲ ನನ್ನ ತಲೆ ತಿನ್ನಲು ಯಾರೂ ಬರಲಿಲ್ಲ. ಮಗಳ ಹಾಡು ಕೇಳಲು ತಪ್ಪದೆ ಬರುತ್ತಿದ್ದವಳು ಅಮ್ಮ ಒಬ್ಬಳೇ. ಮೂಲೆಯ ಮೇಜಿನಲ್ಲಿ ಕಿತ್ತಳೆ ಜ್ಯೂಸ್ ಇಟ್ಟುಕೊಂಡು, ಕುಂದಾಪುರದಲ್ಲಿ ಮಕ್ಕಳಿಗೆ ಭಜನೆ ಕಲಿಸುತ್ತಿದ್ದಾಗಿನ ಹಾಗೆಯೇ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ನಾನು ಅವಳ ಕೈ ನೋಡಿಯೇ ಶುರುಮಾಡುತ್ತಿದ್ದೆ. ಮೊದಲು ವಾದ್ಯವಿಲ್ಲದೆ ಒಂದು ಗುನುಗು, ಆಮೇಲೆ ಗಿಟಾರ್. ಆ ಗುನುಗು ಅವಳ ಭಜನೆಯಿಂದಲೇ ಬಂದದ್ದು.

ಹಾಗೆ ಹಾಡಿದ ಒಂದು ಹಾಡು ಕಂಟ್ರಿ ಕೇಳುವವರನ್ನು ದಾಟಿ ಪಾಪ್ ಕೇಳುವ ಹುಡುಗಿಯರ ಫೋನಿಗೂ ಹೋಯಿತು. ದೊಡ್ಡದೊಂದು ರೇಡಿಯೋದವರು ನೇರಪ್ರಸಾರಕ್ಕೆ ಕರೆದರು. ಅಲ್ಲಿ ಗೆದ್ದರೆ ಹಗಲಿನ ಆಫೀಸು ಕೆಲಸ ಬಿಟ್ಟು ಹಾಡಿಕೊಂಡೇ ಬದುಕಬಹುದಿತ್ತು. ಸೋತರೆ ಮತ್ತೆ ಅದೇ ಪಬ್ಬು.

ಅಮ್ಮನನ್ನು ಸ್ಟುಡಿಯೋದ ಗಾಜಿನ ಆಚೆ ಕೂರಿಸಿ ನಾನು ಒಳಗೆ ಹೋದೆ. ಬಾಗಿಲು ಮುಚ್ಚಿದ ಮೇಲೆ ಕಾರ್ಯಕ್ರಮದ ನಿರ್ಮಾಪಕ ಬಾಯಿಬಿಟ್ಟ. ಗುನುಗು ಬೇಡವಂತೆ, ಪಾಪ್ ಕೇಳುಗರು ಅಷ್ಟು ಹೊತ್ತು ಕಾಯುವುದಿಲ್ಲವಂತೆ, ನೇರ ಪಲ್ಲವಿಗೆ ಹಾರಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಅದಿಲ್ಲದಿದ್ದರೆ ಇದು ನನ್ನ ಹಾಡೇ ಅಲ್ಲ ಎಂದೆ. ಹಾಗಾದರೆ ಇವತ್ತು ಬೇಡ ಬಿಡಿ ಎಂದು ಅವನು ಗಡಿಯಾರ ನೋಡಿದ. ನನ್ನ ಜೊತೆ ನುಡಿಸಲಿದ್ದ ಡ್ರಮ್ಮಿನವನು ನೆಲ ನೋಡಿದ. ಆಗಲಿ ಎಂದೆ. ಅಮ್ಮನಿಗೊಂದು ಮಾತು ಹೇಳಿಬರುತ್ತೇನೆ ಎನ್ನುವಷ್ಟರಲ್ಲಿ ನೇರಪ್ರಸಾರದ ಕೆಂಪು ದೀಪ ಹತ್ತಿತು.

ಗಾಜಿನಾಚೆ ಅಮ್ಮ ಕೈ ಎತ್ತಿದಳು. ಡ್ರಮ್ಮು ಧಡಕ್ಕನೆ ಬಿತ್ತು. ಅವಳ ಕೈ ಗಾಳಿಯಲ್ಲೇ ನಿಂತಿತು. ಹಾಡನ್ನು ಹಿಡಿಯಲು ಹೋದಳು, ಸಿಗಲಿಲ್ಲ. ಬೆರಳು ಮಡಚಿ ಎಣಿಸಿ ನೋಡಿದಳು, ಆಗಲೂ ಸಿಗಲಿಲ್ಲ. ನಾನು ಕಣ್ಣು ಮುಚ್ಚಿ ಹಾಡಿ ಮುಗಿಸಿದೆ. ಎಲ್ಲರೂ ಚಪ್ಪಾಳೆ ಹೊಡೆದರು, ನಿರ್ಮಾಪಕ ತಬ್ಬಿಕೊಂಡ. ಹಾಳಾಗಿ ಹೋಗಲಿ ಅವನ ಅಪ್ಪುಗೆ.

ವಾಪಸು ಬರುವಾಗ ಟ್ಯೂಬ್ ರೈಲಿನಲ್ಲಿ ನನ್ನ ಫೋನಿಗೆ ಒಂದೇ ಸಮನೆ ಅಭಿನಂದನೆ. ಪಕ್ಕದಲ್ಲಿ ಅಮ್ಮ ತೊಡೆ ತಟ್ಟುತ್ತ, ನಿಲ್ಲಿಸುತ್ತ, ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು. ವೆಂಬ್ಲಿ ನಿಲ್ದಾಣ ದಾಟಿದ ಮೇಲೆ ಮೆಲ್ಲಗೆ ಕೇಳಿದಳು.

"ನಂಗೆ ತಾಳ ಎಲ್ಲ್ ತಪ್ತ್ ಹೆಣೆ?"

"ನಿಂಗೆ ತಪ್ಲಿಲ್ಲ ಅಮ್ಮ. ಗುನುಗು ತೆಗಿ ಅಂದ್ರ್, ತೆಗ್ದೆ."

ಅಮ್ಮ ತಟ್ಟುವುದನ್ನು ನಿಲ್ಲಿಸಿದಳು. ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

ಆಫೀಸು ಬಿಟ್ಟಿದ್ದೇನೆ. ಈಗೆಲ್ಲ ದೊಡ್ಡ ದೊಡ್ಡ ಸಭಾಂಗಣ. ಅಮ್ಮ ಒಂದನ್ನೂ ತಪ್ಪಿಸುವುದಿಲ್ಲ, ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ಶುರುಮಾಡುವ ಮುಂಚೆ ನಾನು ಇವತ್ತಿಗೂ ಅವಳ ಕೈ ಹುಡುಕುತ್ತೇನೆ. ಅದು ಜೇಬಿನಲ್ಲೇ ಇರುತ್ತದೆ.