ಅಡ್ಡಬೀಳದ ಅಳಿಯ

ನೆಲ ಎಷ್ಟು ದೂರದಲ್ಲಿದೆ ಎಂಬುದು ತೆಳ್ಳಗಿರುವವರಿಗೆ ತಿಳಿಯುವುದಿಲ್ಲ. ಅವರ ಕೈಜಾರಿದ ಕರವಸ್ತ್ರ ಕಾಲಬುಡದಲ್ಲೇ ಬೀಳುತ್ತದೆ. ನನ್ನದು ಪರಸ್ಥಳಕ್ಕೆ ಹೋದಂತೆ. ಎತ್ತಿಕೊಳ್ಳಲು ಬಗ್ಗಿದರೆ ಹೊಟ್ಟೆ ಮೇಲೇರಿ ಎದೆಯ ಜಾಗವನ್ನು ಒತ್ತುವರಿ ಮಾಡುತ್ತದೆ. ಅಲ್ಲಿ ಮೊದಲೇ ಒಕ್ಕಲಿರುವ ಉಬ್ಬಸ ಅದನ್ನು ಆದರದಿಂದ ಬರಮಾಡಿಕೊಳ್ಳುತ್ತದೆ.

ಈ ಉಬ್ಬಸದ ಸಂಗತಿಯನ್ನು ಹೆಣ್ಣು ನೋಡಲು ಹೋದಾಗ ನಾವು ಹೇಳಲಿಲ್ಲ. ಯುದ್ಧದ ಕಾಲ, ಅಕ್ಕಿಗೆ ಅಭಾವವಿದ್ದ ದಿನಗಳಲ್ಲಿ ನನ್ನ ಗಾತ್ರವೇ ಮನೆಯ ಅನುಕೂಲಕ್ಕೆ ಸಾಕ್ಷಿ ನುಡಿಯಿತು. ಹತ್ತಿರದ ಹಳ್ಳಿ ಕೊಪ್ಪದ ಮಾವನವರು ಮಂಡ್ಯದ ಈ ಗುಮಾಸ್ತನನ್ನು ಸಂತೋಷದಿಂದ ಒಪ್ಪಿದರು. ಹೆಂಡತಿ ಜಯಮ್ಮನಿಗೂ ನಾನು ಹೇಳಲಿಲ್ಲ. ರಾತ್ರಿ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದೆ. ಕೇಳಿದರೆ, ಕಚೇರಿಯಲ್ಲಾದ ಅಭ್ಯಾಸ ಎನ್ನುತ್ತಿದ್ದೆ.

ಮೊದಲ ದೀಪಾವಳಿಗೆ ಹೋದಾಗ ಮನೆಮಂದಿಯೆಲ್ಲ ಮಾವನವರಿಗೆ ಉದ್ದಕ್ಕೆ ಅಡ್ಡಬಿದ್ದರು. ನಾನು ಕಂಬದಂತೆ ನಿಂತು ಕೈಮುಗಿದೆ.

“ಯಾಕಳಿಯಂದ್ರೇ, ಬಗ್ಗಕ್ಕೆ ಸೊಂಟ ಇಲ್ವಾ? ಇಸ್ಕೂಲು ಓದ್ದೋರು ಬೇಸಾಯದೋನ ಕಾಲ್ಗೆ ಬೀಳಬಾರ್ದಾ?” ಎಂದರು ಮಾವನವರು.

ರೋಗಿ ಎನ್ನಿಸಿಕೊಳ್ಳುವುದಕ್ಕಿಂತ ಅಹಂಕಾರಿ ಎನ್ನಿಸಿಕೊಳ್ಳುವುದು ಗೌರವವೆಂದು ತೋರಿ ಇನ್ನಷ್ಟು ನೆಟ್ಟಗೆ ನಿಂತೆ. ಆ ಗೌರವಕ್ಕೆ ಫಲ ಸಿಕ್ಕಿತು: ಬಾಣಂತನಕ್ಕೆ ಹೋದ ಜಯಮ್ಮ ಹಿಂತಿರುಗಲಿಲ್ಲ. ಅಳಿಯ ಬಂದು ಅಡ್ಡಬೀಳುವ ತನಕ ಮಗಳನ್ನೂ ಮೊಮ್ಮಗನನ್ನೂ ಕಳಿಸುವುದಿಲ್ಲವೆಂದು ಮಾವನವರು ಹೇಳಿಕಳಿಸಿದರು. ತೊಟ್ಟಿಲಲ್ಲಿದ್ದ ಮಗ ಅಂಬೆಗಾಲಿಡತೊಡಗಿದ. ನಾನಿನ್ನೂ ನೆಟ್ಟಗೇ ಇದ್ದೆ.

ಒಂದು ದಿನ ಉಸಿರು ತೀರ ಕಟ್ಟಿ ಮಂಡ್ಯದ ಆಸ್ಪತ್ರೆಯ ಜಗಲಿಯಲ್ಲಿ ಏದುತ್ತಿದ್ದಾಗ, ಬೆಲ್ಲ ಮಾರಲು ಬಂದಿದ್ದ ಮಾವನವರು ನನ್ನನ್ನು ಕಂಡು ಗಾಬರಿಯಾಗಿ ಒಳಗೆ ಕರೆದೊಯ್ದರು. ಔಷಧ ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರು ಒಂದು ಯಂತ್ರ ತಂದಿಟ್ಟರು: ನೀರು ತುಂಬಿದ ಪಾತ್ರೆ, ಅದರಲ್ಲಿ ಕವುಚಿದ ತಗಡಿನ ಡಬ್ಬ, ಒಂದು ರಬ್ಬರು ಕೊಳವೆ. ಊದಿದಷ್ಟೂ ಡಬ್ಬ ಏಳಬೇಕು. ನಿಂತು ಊದಿದೆ, ಎದ್ದಿತು. ಕುರ್ಚಿಯಲ್ಲಿ ಕೂತು ಊದಿದೆ, ಕೊಂಚ ಯೋಚಿಸಿ ಎದ್ದಿತು. ಮಲಗಿ ಊದಿದೆ, ಡಬ್ಬ ಒಮ್ಮೆ ಅಲುಗಿ, ನನ್ನಂತೆಯೇ ಏಳಲಾರದೆ ಉಳಿಯಿತು.

“ಮಲಗಿದರೂ ಬಗ್ಗಿದರೂ ಇವರ ಹೊಟ್ಟೆ ಉಸಿರನ್ನು ಒತ್ತುತ್ತದೆ,” ಎಂದರು ಡಾಕ್ಟರು.

ಮಾವನವರು ಏಳದ ಡಬ್ಬವನ್ನು ಬೆರಳಿನಿಂದ ತಟ್ಟಿ ನೋಡಿದರು. “ಮೊದ್ಲೇ ಯೋಳಕ್ಕೇನಾಗಿತ್ತು ನಿಮ್ಗೆ? ನಾನೇನು ಹುಲಿನಾ?” ಎಂದು ಗಾಡಿ ಹತ್ತಿಸಿ ಕೊಪ್ಪಕ್ಕೆ ಕರೆದೊಯ್ದರು. ಬಾಗಿಲಲ್ಲೇ ಮಗಳಿಗೆ ಸುದ್ದಿ ಮುಟ್ಟಿಸಿದರು: “ನಿನ್ ಗಂಡಂಗೆ ಉಬ್ಸ ಕಣವ್ವ!”

“ನಂಗೊತ್ತು ಕಣಪ್ಪ.”

“ಗೊತ್ತಿದ್ದೂ ಯಾಕ್ ಬಾಯ್ ಬುಡ್ಲಿಲ್ಲ?”

“ಅವ್ರೇ ಯೋಳ್ಲಿ ಅಂತ.” ಜಯಮ್ಮ ನನ್ನ ಕಡೆ ತಿರುಗಿದಳು. “ನಾಕ್ ಮನೆಗೆ ಕೇಳೋ ಉಸ್ರು ಪಕ್ಕದಲ್ಲಿ ಮಲಗೋಳಿಗೆ ಕೇಳಾಕಿಲ್ವಾ? ಕಚೇರಿ ಅಭ್ಯಾಸವಂತೆ!”

ಅಷ್ಟು ತಿಂಗಳೂ ಅಹಂಕಾರಿಯ ಹೆಂಡತಿಯೆಂಬ ಚುಚ್ಚುಮಾತನ್ನು ನುಂಗಿಕೊಂಡು, ಅವಳು ನನ್ನ ಗುಟ್ಟನ್ನು ನನಗಿಂತ ಭದ್ರವಾಗಿ ಕಾಪಾಡಿದ್ದಳು. ರೋಗವನ್ನು ಮುಚ್ಚಿಟ್ಟೆನೆಂದು ತಿಳಿದಿದ್ದ ನಾನು ನಿಜವಾಗಿ ಮುಚ್ಚಿದ್ದು ಅವಳ ಬಾಯನ್ನು. ಜೀವಮಾನದಲ್ಲಿ ಮೊದಲ ಬಾರಿಗೆ ನನಗೆ ನಿಜವಾಗಿ, ಅದೂ ಅವಳಿಗೆ, ಅಡ್ಡಬೀಳಬೇಕೆನ್ನಿಸಿ ಮೊಣಕಾಲು ಬಗ್ಗಿಸಿದೆ.

“ಬ್ಯಾಡಿ ಬ್ಯಾಡಿ, ಬಿದ್ರೆ ಎತ್ತೋರ್ಯಾರು!” ಎಂದು ಮಾವನವರು ತೋಳು ಹಿಡಿದರು.

ಜಯಮ್ಮ ಮಾತ್ರ ಬೇಡವೆನ್ನಲಿಲ್ಲ. ಕಂಕುಳಲ್ಲಿದ್ದ ಮಗುವನ್ನು ಮಾವನವರ ಕೈಗೆ ಕೊಟ್ಟು, ಒಳಗಿನಿಂದ ಚಾಪೆ ತಂದು ನನ್ನ ಮುಂದೆ ಹಾಸಿದಳು.