ಮೂರನೇ ಮಹಡಿಗೆ ಕೇಳಿಸದ ದನಿ

ನಾಲ್ಕು ಮಹಡಿಯ ಆ ಬಟ್ಟೆ ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನನ್ನು ಎಲ್ಲರೂ ವೈರಣ್ಣ ಅಂತಲೇ ಕರೆಯುತ್ತಿದ್ದರು. ಕೆಟ್ಟವನೇನಲ್ಲ. ಆದರೆ ತಪ್ಪು ಒಪ್ಪಿಕೊಳ್ಳುವ ಹೊತ್ತು ಬಂದರೆ ಬಾಯಿಗೆ ಬೀಗ ಜಡಿದುಕೊಳ್ಳುವ ಆಸಾಮಿ.

ಗೇಟಿನ ಪಕ್ಕದ ಕೋಣೆಯಲ್ಲಿ ದನಿಯಕ್ಕ ಕೂರುತ್ತಿದ್ದಳು. ಯಾರಿಗಾದರೂ ಮನೆಯಿಂದ ಫೋನ್ ಬಂದರೆ, ಅವರ ಮಹಡಿಯ ಗುಂಡಿ ಒತ್ತಿ ಮೈಕಿನಲ್ಲಿ ಕೂಗುವುದು ಅವಳ ಕೆಲಸ. ಒಂದೇ ಸಲ ಕೂಗುತ್ತಿದ್ದಳು, ಅದು ಅವಳ ಜಂಬ. ಆ ಒಂದು ದನಿಯನ್ನು ದಾರಿಯಲ್ಲೇ ನಕಲು ಮಾಡಿ ಆ ಮಹಡಿಯ ಎಲ್ಲ ಸ್ಪೀಕರುಗಳಿಗೂ ಹಂಚುವುದು ವೈರಣ್ಣನ ರೌಟರುಗಳ ಕೆಲಸ. ಇದಕ್ಕೆ ಮಲ್ಟಿಕಾಸ್ಟ್ ಅನ್ನುತ್ತಾರೆ.

ಒಂದು ಸೋಮವಾರ ಅವನು ರೌಟರಿಗೆ ಹೊಸ ಅನುಮತಿ ಪಟ್ಟಿ ಬರೆದ. ಪಟ್ಟಿಯಲ್ಲಿ ಇದ್ದವರಿಗೆ ದಾರಿ, ಇಲ್ಲದವರಿಗೆಲ್ಲ ಬಾಗಿಲು ಬಂದ್. ಮೂರನೇ ಮಹಡಿಯ ಸಾಲು ಬರೆಯುವುದನ್ನೇ ಮರೆತ. ಟೀ ಕುಡಿದು ಬಂದು ಪರೀಕ್ಷೆ ಮಾಡಿದರಾಯಿತು ಅಂದುಕೊಂಡವನು ಅದನ್ನೂ ಮರೆತ.

ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಮೂರನೇ ಮಹಡಿಯಲ್ಲಿ ಕಾಜಾ ಹೊಲಿಯುವವಳ ಮಗಳು ಬಿದ್ದು ಕೈ ಮುರಿದುಕೊಂಡಿದ್ದಳು. ದನಿಯಕ್ಕ ಕೂಗಿದಳು. ಮೇಲೆ ಯಂತ್ರಗಳ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಮಗು ಸಂಜೆಯವರೆಗೂ ಅಮ್ಮಾ ಅಮ್ಮಾ ಅಂತ ಅತ್ತಿತು.

ಮರುದಿನ ಗೇಟಿನಲ್ಲಿ ಆ ತಾಯಿ ಎಲ್ಲರೆದುರು ದನಿಯಕ್ಕನಿಗೆ ಬಾಯಿಗೆ ಬಂದಂತೆ ಬೈದಳು. ಅಲ್ಲೇ ನಿಂತಿದ್ದ ವೈರಣ್ಣನಿಗೆ ತನ್ನ ಪಟ್ಟಿ ನೆನಪಾಯಿತು. ಓಡಿಹೋಗಿ ಬಿಟ್ಟುಹೋದ ಸಾಲು ಸೇರಿಸಿದ. ಎರಡು ನಿಮಿಷದ ಕೆಲಸ. ಆಮೇಲೆ ಮ್ಯಾನೇಜರು ಪರೀಕ್ಷೆ ಮಾಡಿಸಿದರೆ ಮೂರನೇ ಮಹಡಿಯ ಸ್ಪೀಕರು ಗಣಗಣ ಮಾತಾಡಿತು! ಕೂಗಿದ್ದೆ ಅಂದ ದನಿಯಕ್ಕ ಸುಳ್ಳುಗಾತಿಯಾದಳು. ಇನ್ನೊಮ್ಮೆ ತೂಕಡಿಸಿದರೆ ಕೆಲಸ ಬಿಟ್ಟು ಹೊರಡು ಅಂದರು ಮ್ಯಾನೇಜರು. ಪುಣ್ಯಾತ್ಮ ವೈರಣ್ಣ ತುಟಿ ಪಿಟಕ್ಕೆನ್ನಲಿಲ್ಲ.

ಅಂದಿನಿಂದ ದನಿಯಕ್ಕ ಪ್ರತಿಯೊಂದನ್ನೂ ಮೂರು ಮೂರು ಸಲ ಕೂಗತೊಡಗಿದಳು. ತನ್ನ ದನಿಯೇ ಬಿದ್ದುಹೋಗಿದೆಯೆಂದು ಗಂಟಲಿನ ಡಾಕ್ಟರಿಗೂ ತೋರಿಸಿಕೊಂಡು ಬಂದಳಂತೆ. ಹೊಲಿಯುವವರು ಅವಳಿಗೆ ಮೂರುಸಲದಕ್ಕ ಅಂತ ಹೆಸರಿಟ್ಟು ನಕ್ಕರು. ಎರಡನೇ ಮಹಡಿಯ ತನ್ನ ಕೋಣೆಯಲ್ಲಿ ವೈರಣ್ಣ ಮೊದಲ ಕೂಗಿಗೆ ತಲೆ ತಗ್ಗಿಸುತ್ತಿದ್ದ. ಮೂರನೆಯದಕ್ಕೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸುವಷ್ಟು ನಾಚಿಕೆಯಾಗುತ್ತಿತ್ತು. ಯಾಕೆ ಸಪ್ಪಗಿದ್ದೀರಿ ಅಂತ ಹೆಂಡತಿ ಕೇಳಿದರೆ ತಲೆನೋವು ಅಂದ.

ಹದಿನೈದನೇ ದಿನ ತಡೆಯಲಾಗಲಿಲ್ಲ. ಅವಳ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ.

ದನಿಯಕ್ಕ ಪಕ್ಕದಲ್ಲಿ ಒಂದು ಕುರ್ಚಿ ಎಳೆದು ಹಾಕಿದಳು.

"ನಂಗೊಬ್ಬಳಿಗೆ ಹೇಳಿದ್ರೆ ಏನ್ ಬಂತು? ನಾನು ಬೈಸ್ಕೊಂಡಿದ್ದು ಎಲ್ಲರ ಮುಂದೆ," ಅಂದಳು. ನಾಲ್ಕೂ ಮಹಡಿಯ ಗುಂಡಿ ಒತ್ತಿ ಮೈಕನ್ನು ಅವನ ಕಡೆ ತಳ್ಳಿದಳು.

ಅವನು ಕುರ್ಚಿಯಲ್ಲಿ ಕೂತ. ತಪ್ಪು ತನ್ನದು, ದನಿಯಕ್ಕ ಅಂದು ಕೂಗಿದ್ದು ನಿಜ, ಗೊತ್ತಿದ್ದೂ ಸುಮ್ಮನಿದ್ದವನು ತಾನು ಅಂತ ತೊದಲುತ್ತ ಹೇಳಿ ಮುಗಿಸಿದ. ಮೇಲೆ ಯಂತ್ರಗಳು ಒಂದೊಂದಾಗಿ ನಿಂತವು. ಬೆವರು ಒರೆಸಿಕೊಳ್ಳುತ್ತ ಏಳಲು ಹೋದವನ ತೋಳನ್ನು ದನಿಯಕ್ಕ ಹಿಡಿದುಕೊಂಡಳು.

"ಕೂತ್ಕೋ. ಇನ್ನೂ ಎರಡು ಸಲ ಇದೆ."